ದಾರಿಯಲ್ಲಿ ಯಾರಾದರೂ ಸಿಗ್ತಾರಲ್ಲ?

ಚಳಿಗಾಲದಲ್ಲಿ, ಹಿಮ ಬೀಳುವ ಕಡೆಗೆ, ಒಬ್ಬರೇ ಕಾರು ಓಡಿಸಿಕೊಂಡು ಹೊರಡುವವರೆಲ್ಲ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: 'ಗಾಡಿ ಕೈಕೊಟ್ಟರೆ ದಾರಿಯಲ್ಲಿ ಯಾರಾದರೂ ಸಿಗ್ತಾರಲ್ಲ, ಸಹಾಯ ಮಾಡ್ತಾರಲ್ಲ?'

ಸಿಗುತ್ತಾರೆ. ಹಿಮದ ರಸ್ತೆಯಲ್ಲಿ ನಿಂತ ಗಾಡಿಯನ್ನು ಕಂಡೂ ಕಾಣದ ಹಾಗೆ ಹೋಗುವವರು ಕಡಿಮೆ. ನಾಳೆ ತಮ್ಮ ಗಾಡಿಯೂ ಹೀಗೇ ನಿಂತೀತು ಅನ್ನುವುದು ಅಲ್ಲಿ ಓಡಾಡುವವರಿಗೆ ಗೊತ್ತಿರುತ್ತದೆ. ಆದರೆ ಬರುವವರು ತರುವುದು ಎರಡು ಕೈ ಮತ್ತು ಒಳ್ಳೆಯ ಮನಸ್ಸು. ಕೇಬಲ್, ಹಗ್ಗ, ಸಲಿಕೆ, ಯಾವುದನ್ನು ಎಲ್ಲಿಗೆ ಸಿಕ್ಕಿಸಬೇಕು ಅನ್ನುವ ತಿಳಿವಳಿಕೆ, ಇವು ನಿಮ್ಮ ಹತ್ತಿರವೇ ಇರಬೇಕು. ಇಲ್ಲದಿದ್ದರೆ ನಾಲ್ಕು ಜನ ಬಾನೆಟ್ ಸುತ್ತ ನಿಂತು, ಪಾಪ ಅಂದುಕೊಂಡು, ನಿಮ್ಮ ಜೊತೆ ನಡುಗುತ್ತಾರೆ, ಅಷ್ಟೆ.

ಮೊದಲು, ಅವರು ಬರುವ ತನಕ ಇರುವ ವಿಷಯ. ಗಾಡಿ ಬಿಟ್ಟು ನಡೆದು ಹೋಗಬೇಡಿ. ಬೆಳಕಿರುವ ಮನೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಕಾರೇ ಮನೆ. ಹುಡುಕುವವರಿಗೂ ನಡೆಯುವ ಮನುಷ್ಯನಿಗಿಂತ ನಿಂತ ಕಾರು ಬೇಗ ಕಾಣುತ್ತದೆ. ಕೆಂಪೋ ಕಿತ್ತಳೆಯೋ ಬಣ್ಣದ ಬಟ್ಟೆಯೊಂದನ್ನು ಕನ್ನಡಿಗೆ ಕಟ್ಟಿ.

ಹೀಟರ್‌ಗಾಗಿ ಎಂಜಿನ್ ಓಡಿಸುವಾಗ ಮಾತ್ರ ಒಂದು ವಿಷಯದಲ್ಲಿ ಸೋಮಾರಿತನ ಬೇಡ. ಪ್ರತಿ ಸಲವೂ ಸ್ಟಾರ್ಟ್ ಮಾಡುವ ಮುಂಚೆ ಇಳಿದು ಹಿಂದಕ್ಕೆ ಹೋಗಿ ಸೈಲೆನ್ಸರ್ ಬಾಯಿಯ ಸುತ್ತಲ ಹಿಮ ತೆಗೆಯಿರಿ. ಗಾಳಿಗೆ ಬಂದು ಗುಡ್ಡೆಯಾದ ಹಿಮ ಆ ಬಾಯಿಯನ್ನು ಮುಚ್ಚಿದರೆ ಹೊಗೆ ಗಾಡಿಯ ತಳದಲ್ಲೇ ತುಂಬಿಕೊಂಡು ಒಳಗೆ ನುಸುಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸಿದ ಹಾಗೆ, ಆಮೇಲೆ ತೂಕಡಿಕೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ 'ಯಾಕೋ ನಿನ್ನ ಮಾತು ತೊದಲುತ್ತಿದೆ' ಅನ್ನುತ್ತಿದ್ದರು. ಒಬ್ಬರೇ ಇದ್ದಾಗ ಅದು ಬರೀ ದಣಿವು ಅನಿಸುತ್ತದೆ. ಗಂಟೆಗೆ ಸುಮಾರು 10 ನಿಮಿಷ ಓಡಿಸಿದರೆ ಸಾಕು. ಗಾಳಿ ಹೊಡೆಯದ ಬದಿಯ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಡಿ. ನಿದ್ದೆ ಬರುತ್ತಿದ್ದರೆ ಎಂಜಿನ್ ಬಂದ್ ಮಾಡಿ, ಇರುವ ಹೊದಿಕೆಯನ್ನೆಲ್ಲ ಹೊದ್ದು ಮಲಗಿ.

ಟ್ಯಾಂಕ್ ಯಾವಾಗಲೂ ಅರ್ಧಕ್ಕಿಂತ ಮೇಲಿರಲಿ ಎನ್ನುವ ಮಾತಿಗೆ ಲೆಕ್ಕ ಇಲ್ಲಿದೆ. ನಿಂತಲ್ಲೇ ಓಡುವ ಸಾಮಾನ್ಯ ಕಾರು ಗಂಟೆಗೆ ಒಂದು ಲೀಟರ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 10 ನಿಮಿಷದ ಲೆಕ್ಕದಲ್ಲಿ ದಿನಕ್ಕೆ 4 ಲೀಟರ್. ಅರ್ಧ ಟ್ಯಾಂಕ್ ಅಂದರೆ ನಾಲ್ಕೈದು ದಿನದ ಬಿಸಿ. ರಿಸರ್ವ್‌ನಲ್ಲಿ ಹೊರಟವರಿಗೆ ಒಂದು ರಾತ್ರಿಯೂ ಆತಂಕ. ಎಲೆಕ್ಟ್ರಿಕ್ ಕಾರಿನವರಿಗೆ ಹೊಗೆಯ ಭಯವಿಲ್ಲ. ಒಳಗನ್ನು ಬೆಚ್ಚಗಿಡಲು ಒಂದರಿಂದ ಎರಡು ಕಿಲೋವಾಟ್ ಹಿಡಿದರೂ 30 ಯೂನಿಟ್ ಉಳಿದಿದ್ದರೆ 15 ಗಂಟೆ ಕಳೆಯಬಹುದು. ಸೀಟ್ ಹೀಟರ್ ಮಾತ್ರ ಹಾಕಿಕೊಂಡರೆ ಇನ್ನೂ ಬಹಳ ಹೊತ್ತು.

ಬಾಯಾರಿದರೆ ಹಿಮವನ್ನು ಹಾಗೇ ತಿನ್ನಬೇಡಿ, ಕರಗಿಸಿ ಕುಡಿಯಿರಿ. ಹಾಗೇ ತಿಂದರೆ ಕರಗಿಸುವ ಬಿಸಿಯನ್ನು ನಿಮ್ಮ ಮೈಯೇ ಕೊಡಬೇಕಾಗುತ್ತದೆ. ಮದ್ಯ ಕುಡಿದರೆ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗಾದ ಹಾಗೆ ಅನಿಸುತ್ತದೆ, ಒಳಗಿನ ಬಿಸಿ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಗುಂಡಿ ಹಾಕಲು ಬೆರಳು ಕೇಳದಿದ್ದರೆ, ಮಾತು ಎಳೆದರೆ, ಮೈ ಆಗಲೇ ತಣ್ಣಗಾಗಿದೆ ಅಂತ ಅರ್ಥ. ಕೈಗವಸು ಎರಡು ಜೊತೆ ಬೇಕು: ಒಂದು ಹಿಮದಲ್ಲಿ ಕೆಲಸ ಮಾಡಿ ಒದ್ದೆಯಾಗಲು, ಇನ್ನೊಂದು ಒಣಗಿದ್ದು ಒಳಗೆ ಕೂತಾಗ ಹಾಕಿಕೊಳ್ಳಲು. ಫೋನು ಒಳ ಜೇಬಿನಲ್ಲಿರಲಿ. ಚಳಿಗೆ 40 ಪ್ರತಿಶತ ತೋರಿಸುತ್ತಿದ್ದ ಫೋನು ತಟ್ಟನೆ ಆಫ್ ಆಗುವುದುಂಟು. ಮೈಬಿಸಿಗೆ ಮತ್ತೆ ಎದ್ದುಕೊಳ್ಳುತ್ತದೆ. ಕಾಲ್ ಹೋಗದ ಕಡೆಯೂ ಎಸ್ಸೆಮ್ಮೆಸ್ ಹೋಗುವುದುಂಟು. ಅದರಲ್ಲಿ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆಯಿರಿ.

ಈಗ ಅತಿ ಹೆಚ್ಚು ಕಾಡುವ ತೊಂದರೆ, ಬ್ಯಾಟರಿ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ತಾಕತ್ತು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ಮೈನಸ್ 18ರ ಹೊತ್ತಿಗೆ ಅರ್ಧಕ್ಕೆ ಬರುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಜೇನುತುಪ್ಪದಂತೆ ಮಂದವಾಗಿ, ತಿರುಗಿಸಲು ಎಂದಿಗಿಂತ ಹೆಚ್ಚು ಬಲ ಕೇಳುತ್ತದೆ. ಹೊರಡುವ ಹಿಂದಿನ ದಿನ, ಗಾಡಿ ರಾತ್ರಿಯಿಡೀ ನಿಂತ ಮೇಲೆ, ಮಲ್ಟಿಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧ. ಅರ್ಧ ಇರುವ ಬ್ಯಾಟರಿ ಮೇಲೆ ನಂಬಿಕೆ ಇಟ್ಟು ಚಳಿಗೆ ಹೋಗಬೇಡಿ.

ಸ್ಟಾರ್ಟ್ ಆಗದಿದ್ದರೆ ಕಿವಿ ಕೊಡಿ. ಸೆಲ್ಫ್ ಹೊಡೆದಾಗ ಟಿಕ್ ಟಿಕ್ ಟಿಕ್ ಅಂದು ಸುಮ್ಮನಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಟರ್ಮಿನಲ್ ಅಲ್ಲಾಡಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ನಿಧಾನವಾಗಿ ನರಳುತ್ತಾ ತಿರುಗಿದರೂ ಬ್ಯಾಟರಿಯೇ. ಜೋರಾಗಿ, ಲಯಬದ್ಧವಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ತೊಂದರೆ ಹೆಚ್ಚಾಗಿ ಇಂಧನದ್ದು. ಯಾರ ಕೇಬಲ್ಲೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟು ತೆಗೆದುಕೊಳ್ಳುವ ಜಂಪರ್ ಕೇಬಲ್ ಹಾಕುವ ಕ್ರಮ ಇದು. ಕೆಂಪು ಕೇಬಲ್‌ನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆಯ ತುದಿ ನಿಮ್ಮ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಕೊನೆಯ ಕ್ಲಿಪ್ ಮುಟ್ಟಿದಾಗ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರಬಹುದು, ಎರಡೂ ಒಂದೇ ಕಡೆ ಸೇರಬಾರದು. ಸಹಾಯಕ್ಕೆ ಬಂದವರ ಎಂಜಿನ್ ಐದು ನಿಮಿಷ ಓಡಲಿ, ಆಮೇಲೆ ನಿಮ್ಮದು ಹೊಡೆಯಿರಿ. ತೆಗೆಯುವಾಗ ಹಾಕಿದ್ದಕ್ಕೆ ಪೂರ್ತಿ ಉಲ್ಟಾ. ಬ್ಯಾಟರಿ ಡಿಕ್ಕಿಯಲ್ಲಿರುವ ಗಾಡಿಗಳಿಗೆ ಬಾನೆಟ್ ಕೆಳಗೇ ಪ್ಲಸ್ ಗುರುತಿನ ಮುಚ್ಚಳ ಇರುತ್ತದೆ, ಮೊದಲೇ ನೋಡಿಟ್ಟುಕೊಳ್ಳಿ.

ಎರಡು ಕಡೆ ಬೇಡ ಅನ್ನಲೇಬೇಕು. ಬ್ಯಾಟರಿಯ ಪಕ್ಕಗಳು ಉಬ್ಬಿದ್ದರೆ ಒಳಗೆ ಹೆಪ್ಪುಗಟ್ಟಿದೆ ಎಂದೇ ತಿಳಿಯಿರಿ. ತುಂಬಿದ ಬ್ಯಾಟರಿ ಅಷ್ಟು ಸುಲಭಕ್ಕೆ ಗಟ್ಟಿಯಾಗದು, ಇಳಿದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಬಹುದು, ಅದಕ್ಕೆ ಕರೆಂಟು ಕೊಟ್ಟರೆ ಸಿಡಿಯಬಹುದು. ಎರಡನೆಯದು ಇನ್ನೂ ಮುಜುಗರದ್ದು. ದಾರಿಯಲ್ಲಿ ಮೊದಲು ನಿಲ್ಲಿಸುವವರು ಬಹಳ ಸಲ ಲಾರಿ ಡ್ರೈವರ್‌ಗಳೇ. 'ಬನ್ನಿ, ನನ್ನ ಬ್ಯಾಟರಿಯಿಂದ ಕೊಡ್ತೀನಿ' ಅನ್ನುತ್ತಾರೆ. ದೊಡ್ಡ ಲಾರಿಗಳು ಸಾಮಾನ್ಯವಾಗಿ 24 ವೋಲ್ಟ್, ನಿಮ್ಮ ಕಾರು 12. ಹಾಗೇ ಸಿಕ್ಕಿಸಿದರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟು, ಒಂದು ಗಂಟೆಯ ತೊಂದರೆ ಒಂದು ತಿಂಗಳದ್ದಾಗುತ್ತದೆ. 'ಅಣ್ಣಾ, ನಿಮ್ಮದು 24 ಅಲ್ವಾ, ಇದು 12ರದ್ದು' ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ, ಬೇಜಾರೇನೂ ಮಾಡಿಕೊಳ್ಳುವುದಿಲ್ಲ. ಲಾರಿಯವರಿಂದ ಪಡೆಯಬಹುದಾದ ಸಹಾಯ ಬೇರೆಯಿದೆ: ಎದುರಿಗೆ ಸಿಗುವ ಕಾರನ್ನು ನಿಲ್ಲಿಸಿ ಕಳಿಸುವುದು, ಸಿಗ್ನಲ್ ಇರುವ ಕಡೆ ಹೋಗಿ ನಿಮ್ಮ ಪರವಾಗಿ ಫೋನ್ ಮಾಡುವುದು.

ಹಿಮದಲ್ಲಿ ಚಕ್ರ ಹೂತರೆ ಎಲ್ಲರೂ ಮಾಡುವ ತಪ್ಪು ಆಕ್ಸಿಲರೇಟರ್ ತುಳಿಯುವುದು. ಗಿರ್ರನೆ ತಿರುಗುವ ಚಕ್ರದ ಬಿಸಿಗೆ ಹಿಮ ಕರಗಿ, ಮರುಕ್ಷಣ ಗಟ್ಟಿಯಾಗಿ, ಗಾಜಿನಂಥ ಬಟ್ಟಲಾಗುತ್ತದೆ. ಸಲಿಕೆ ತೆಗೆದು ಎಂಜಿನ್ ಓಡಿಸುವ ಚಕ್ರಗಳ ಮುಂದೆ, ಹಿಂದೆ, ಆಮೇಲೆ ತಳದ ಕೆಳಗೆ ಬಿಡಿಸಿ. ಹೊಟ್ಟೆ ಹಿಮದ ಮೇಲೆ ಕೂತಿದ್ದರೆ ಚಕ್ರಕ್ಕೆ ಭಾರವೇ ಸಿಗುವುದಿಲ್ಲ. ಸ್ಟೀರಿಂಗ್ ನೇರ ಮಾಡಿ. ಮರಳೋ ಜಲ್ಲಿ ಪುಡಿಯೋ ಇದ್ದರೆ ಎರಚಿ, ಇಲ್ಲದಿದ್ದರೆ ಕಾಲುಚಾಪೆಯನ್ನು ಟೈರಿನ ಅಂಚಿಗೆ ಒತ್ತಿ ಹಾಸಿ. ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ದರೆ ಚಕ್ರ ಸ್ವಲ್ಪ ಜಾರಿದ ಕೂಡಲೇ ಎಂಜಿನ್ ಬಲವನ್ನು ಅದೇ ಕಡಿಮೆ ಮಾಡಿಬಿಡುತ್ತದೆ. ಎರಡನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ. ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ, ತೊಟ್ಟಿಲಿನ ಹಾಗೆ ತೂಗಿ.

ತಳ್ಳಲು ಬಂದವರನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ನಿಮ್ಮ ಜವಾಬ್ದಾರಿ. ತಿರುಗುವ ಚಕ್ರದ ನೇರಕ್ಕೆ ಯಾರೂ ಬೇಡ, ಚಾಪೆಯೂ ಕಲ್ಲೂ ಅಲ್ಲಿಂದಲೇ ಹಾರಿ ಬರುತ್ತವೆ. ಇಳಿಜಾರಿನಲ್ಲಿ ಕಾರಿನ ಕೆಳಗಡೆ ಬದಿಗೂ ಬೇಡ. ಕೂಗಿ ಎಣಿಸುವವರು ಒಬ್ಬರೇ ಇರಲಿ.

ಎಳೆಸಿಕೊಳ್ಳುವುದಾದರೆ ಟೋ ಹುಕ್ ನಿಮ್ಮ ಕಾರಿನ ಟೂಲ್ ಕಿಟ್‌ನಲ್ಲಿ, ಸ್ಟೆಪ್ನಿ ಪಕ್ಕದಲ್ಲಿ ಇರುತ್ತದೆ. ಬಂಪರಿನ ಚಿಕ್ಕ ಮುಚ್ಚಳ ಒತ್ತಿ ತೆಗೆದು ಅದನ್ನು ಪೂರ್ತಿ ತಿರುಗಿಸಿ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಅದರ ಮರೆ (ಥ್ರೆಡ್) ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಬೆರಳು ಮರಗಟ್ಟಿದಾಗ ಇದನ್ನು ಮೊದಲ ಸಲ ಕಲಿಯುವುದು ಬೇಡ, ಮನೆಯಲ್ಲೇ ಒಮ್ಮೆ ಹಾಕಿ ತೆಗೆಯಿರಿ. ಹಗ್ಗವನ್ನು ಚಕ್ರ ಹಿಡಿದಿರುವ ಸಸ್ಪೆನ್ಷನ್ ಸರಳಿಗೋ, ಟ್ರೈಲರ್ ಕಟ್ಟುವ ಲೋಹದ ಗುಂಡಿಗೋ ಹಾಕಲು ಯಾರೇ ಹೇಳಿದರೂ ಒಪ್ಪಬೇಡಿ. ಆ ಗುಂಡು ಮುರಿದರೆ ಫಿರಂಗಿ ಗುಂಡಿನ ಹಾಗೇ ಹಾರುತ್ತದೆ. ಹಗ್ಗದ ನಡುವೆ ಒಂದು ದಪ್ಪ ಜಾಕೆಟ್ ನೇತುಹಾಕಿದರೆ ಹರಿದಾಗ ತುದಿ ಚಾಟಿಯಂತೆ ಬೀಸುವುದು ತಗ್ಗುತ್ತದೆ. ನೋಡುವವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಹೋಗಲಿ.

ಇನ್ನು ಸಣ್ಣಪುಟ್ಟವು. ತಾಪಮಾನ 5-6 ಡಿಗ್ರಿ ಇಳಿದಂತೆಲ್ಲ ಟೈರಿನ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ, ಪಂಕ್ಚರ್ ಅಂತ ಗಾಬರಿ ಬೇಡ, ತುಂಬಿಸಿ. ಕೂಲಂಟ್ ಅರ್ಧ ನೀರು, ಅರ್ಧ ಗ್ಲೈಕಾಲ್ ಇರಲಿ. ಗಾಜು ತೊಳೆಯುವ ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಅದು ಗಟ್ಟಿಯಾಗುತ್ತದೆ. ಮಂಜುಗಡ್ಡೆ ಹಿಡಿದ ಗಾಜಿಗೆ ಬಿಸಿನೀರು ಸುರಿದರೆ ಗಾಜೇ ಬಿರುಕು ಬಿಡಬಹುದು. ರಾತ್ರಿ ಸಮತಟ್ಟಾದ ಕಡೆ ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲಿಡಿ, ಒದ್ದೆ ಬ್ರೇಕು ಹಿಡಿದುಕೊಂಡರೆ ಬಿಡುವುದಿಲ್ಲ. ಬೆಚ್ಚಗಿನ ಊರಿನ ಡೀಸೆಲ್‌ನಲ್ಲಿ ಕಡುಚಳಿಗೆ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತದೆ. ಗಾಡಿ ಸ್ಟಾರ್ಟ್ ಆಗಿ ಏರಿನಲ್ಲಿ ಉಸಿರು ಕಳೆದುಕೊಳ್ಳುವುದು ಅದರ ಗುರುತು. ಚಳಿ ಸೀಮೆಯ ಬಂಕಿನಲ್ಲೇ ಟ್ಯಾಂಕ್ ತುಂಬಿಸಿ. 'ಸ್ವಲ್ಪ ಸೀಮೆಎಣ್ಣೆ ಸೇರಿಸಿ' ಅನ್ನುವುದು ಹಳೇ ಎಂಜಿನ್ನಿನ ಕಾಲದ ಉಪಕಾರ. ಈಗಿನ ಪಂಪಿಗೆ ಡೀಸೆಲ್ಲೇ ಜಿಡ್ಡು, ಅದು ತೆಳುವಾದರೆ ಪಂಪ್ ಸವೆದು ಹೋಗುತ್ತದೆ.

ಅಪರಿಚಿತರನ್ನು ನಂಬಬಹುದಾ ಅನ್ನುವುದು ಇದೇ ಪ್ರಶ್ನೆಯ ಬಾಲ. ಕಿಟಕಿ ಎರಡು ಬೆರಳು ಇಳಿಸಿಯೇ ಮಾತಾಡಿ, ಒಳ್ಳೆಯವರು ಯಾರೂ ಅದಕ್ಕೆ ಮುನಿಯುವುದಿಲ್ಲ. ಅವರ ಗಾಡಿಯ ನಂಬರ್ ಮನೆಯವರಿಗೆ ಕಳಿಸಿ, ಕಳಿಸಿದ್ದನ್ನು ಅವರಿಗೇ ಹೇಳಿ. 'ಸ್ವಲ್ಪ ಸಹಾಯ ಮಾಡ್ತೀರಾ' ಎನ್ನುವುದಕ್ಕಿಂತ 'ಕೇಬಲ್ ನನ್ನ ಹತ್ತಿರ ಇದೆ, ನಿಮ್ಮ ಬಾನೆಟ್ ತೆಗೆದರೆ ಹತ್ತು ನಿಮಿಷದ ಕೆಲಸ' ಅಂದರೆ ಅವರಿಗೂ ನಿರ್ಧರಿಸುವುದು ಸುಲಭ.

ನಿಜವಾದ ಅಪಾಯ ಬರುವುದು ಹೆಚ್ಚಾಗಿ ಆ ಮನುಷ್ಯನಿಂದಲ್ಲ, ಅವರ ಹಿಂದೆ ಬರುವ ಮೂರನೇ ಗಾಡಿಯಿಂದ. ನೀವು ಜಾರಿದ ಜಾಗದಲ್ಲೇ ಅದೂ ಜಾರುತ್ತದೆ. ಕೆಳಗೆ ಗಾಳಿಯಾಡುವ ಸೇತುವೆ, ಬಿಸಿಲು ಬೀಳದ ತಿರುವು, ಇಲ್ಲಿ ರಸ್ತೆ ಬರೀ ಒದ್ದೆಯಾದಂತೆ ಕಂಡರೂ ಮೇಲೆ ತೆಳ್ಳನೆ ಮಂಜುಗಡ್ಡೆ ಇರುತ್ತದೆ, ಬ್ರೇಕು ಹಿಡಿಯಲು ಹತ್ತು ಪಟ್ಟು ದೂರ ಬೇಕಾಗಬಹುದು. ತ್ರಿಕೋನದ ಫಲಕವನ್ನು 100 ಮೀಟರ್ ಹಿಂದಕ್ಕೆ, ತಿರುವಿದ್ದರೆ ತಿರುವಿಗೂ ಆಚೆ ಇಡಿ. ಸಹಾಯಕ್ಕೆ ಬಂದವರು ಎರಡು ಗಾಡಿಗಳ ನಡುವೆ ನಿಂತು ಮಾತಾಡಲು ಬಿಡಬೇಡಿ. ಕೇಬಲ್ ಹಾಕಿಯಾದ ಮೇಲೆ ಇಬ್ಬರೂ ರಸ್ತೆ ಬಿಟ್ಟು, ತಡೆಗೋಡೆ ಇದ್ದರೆ ಅದರ ಆಚೆ ನಿಂತು ಕಾಯಿರಿ.

ಎಂಜಿನ್ ಹತ್ತಿಕೊಂಡ ಮೇಲೆ ಅವರನ್ನು ಇನ್ನೆರಡು ನಿಮಿಷ ನಿಲ್ಲಿಸಿಕೊಳ್ಳಿ, ಕೇಬಲ್ ತೆಗೆದ ಕೂಡಲೇ ಆರಿಹೋಗುವುದುಂಟು. ಅವರು ಹೋದ ಮೇಲೆ ಅರ್ಧ ಗಂಟೆಯಾದರೂ ಗಾಡಿ ಬಂದ್ ಮಾಡದೆ ಓಡಿಸಿ. ಮೊದಲೇ ತುರ್ತು ಸೇವೆಗೆ ಫೋನ್ ಮಾಡಿದ್ದರೆ ಅಥವಾ ಲಾರಿಯವರ ಕೈಲಿ ಮಾಡಿಸಿದ್ದರೆ, ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲೇ ಅವರಿಗೆ 'ಹೊರಟೆ, ಬರಬೇಡಿ' ಅಂತ ತಿಳಿಸಿ. ಇಲ್ಲದಿದ್ದರೆ ಯಾರೋ ಅದೇ ಮಂಜುಗಡ್ಡೆಯ ಮೇಲೆ ನಿಮ್ಮನ್ನು ಹುಡುಕಿಕೊಂಡು ಬರುತ್ತಿರುತ್ತಾರೆ.