ಹಿಮ ಕರಗಿದ ಮೇಲಿನ ಝರ್ಮಾಟ್

ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯದಲ್ಲಿರುವ ಝರ್ಮಾಟ್‌ಗೆ ನಾನು ಮೊದಲು ಹೋದದ್ದು ಎಲ್ಲರಂತೆ ಚಳಿಗಾಲದಲ್ಲಿ. ಆಗ ನನಗೆ ಕಂಡದ್ದು ಒಂದೇ ಬಿಳುಪು: ಮನೆಗಳ ಮಾಡಿನ ಮೇಲೆ, ಮರಗಳ ಮೇಲೆ, ಸ್ಕೀ ಹಲಗೆ ಹೊತ್ತು ನಡೆಯುವ ಸಾವಿರಾರು ಜನರ ಹಿಂದೆ. ಎರಡನೆಯ ಸಲ ಜುಲೈ ತಿಂಗಳಲ್ಲಿ ಹೋದಾಗ ಅದೇ ರೈಲು ನಿಲ್ದಾಣದಲ್ಲಿ ಇಳಿದು ನಿಂತೆ. ಊರು ಬೇರೆಯೇ ಆಗಿತ್ತು. ಅಂದಿನಿಂದ ಚಳಿಗಾಲದ ಝರ್ಮಾಟ್‌ಗೆ ಮರಳಬೇಕೆಂದು ನನಗೆ ಅನ್ನಿಸಿಲ್ಲ. ಬೇಸಿಗೆಯಲ್ಲಿ ಮಾತ್ರ ಪ್ರತಿವರ್ಷ ಹೋಗುತ್ತೇನೆ, ಹೆಗಲಿಗೆ ಕ್ಯಾಮೆರಾ ಚೀಲ ಹಾಕಿಕೊಂಡು.

ಪೆಟ್ರೋಲು, ಡೀಸೆಲ್ ಕಾರುಗಳಿಗೆ ಈ ಊರಿನೊಳಗೆ ಪ್ರವೇಶವಿಲ್ಲ. ಕಾರಿನಲ್ಲಿ ಬಂದವರು ಕಣಿವೆಯ ಕೆಳಗಿನ ಟ್ಯಾಶ್ ಎಂಬ ಹಳ್ಳಿಯಲ್ಲಿ ಅದನ್ನು ಬಿಟ್ಟು ರೈಲು ಹತ್ತಬೇಕು. ಊರಿನಲ್ಲಿ ಓಡಾಡುವುದು ಡಬ್ಬಿಯಂತಹ ಪುಟ್ಟ ಎಲೆಕ್ಟ್ರಿಕ್ ಗಾಡಿಗಳು. ಹಾಗಾಗಿ ಬೇಸಿಗೆಯಲ್ಲಿ ಇಲ್ಲಿ ಮೊದಲು ಕಿವಿಗೆ ಬೀಳುವುದು ನೀರಿನ ಸದ್ದು. ಹಿಮನದಿಗಳು ಕರಗಿ ಹರಿಯುವ ವಿಸ್ಪಾ ಹೊಳೆ ಊರಿನ ನಡುವೆ ಬೂದಿ ಕದಡಿದ ಹಾಲಿನ ಬಣ್ಣದಲ್ಲಿ ಭೋರ್ಗರೆಯುತ್ತದೆ. ಮಂಜುಗಡ್ಡೆಯ ಅಡಿಯಲ್ಲಿ ಅರೆದು ಹಿಟ್ಟಾದ ಕಲ್ಲು ಆ ನೀರಿಗೆ ಆ ಬಣ್ಣವನ್ನು ಕೊಡುತ್ತದೆ. ಮಧ್ಯಾಹ್ನ ಬಿಸಿಲೇರಿದಂತೆ ಹೊಳೆಯ ಅಬ್ಬರವೂ ಏರುತ್ತದೆ, ನಸುಕಿಗೆ ಮತ್ತೆ ತಗ್ಗುತ್ತದೆ.

ಚಳಿಗಾಲದಲ್ಲಿ ಜನ ಜಾರಿಕೊಂಡು ಇಳಿಯುವ ಇಳಿಜಾರುಗಳು ಹುಲ್ಲುಗಾವಲುಗಳು ಎಂಬುದು ಜುಲೈಯಲ್ಲಿ ಮಾತ್ರ ತಿಳಿಯುತ್ತದೆ. ಕೃತಕ ಹಿಮ ಚಿಮ್ಮಿಸುವ ಎತ್ತರದ ಕಂಬಗಳು ಹುಲ್ಲಿನ ನಡುವೆ ಸುಮ್ಮನೆ ನಿಂತಿರುತ್ತವೆ. ಅವುಗಳ ಬುಡದಲ್ಲೇ ಮಾರ್ಮೊಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿ ಬಿಲ ತೋಡಿ, ಹದ್ದಿನ ನೆರಳು ಕಂಡೊಡನೆ ಶಿಳ್ಳೆ ಹೊಡೆದು ಒಳಗೆ ನುಗ್ಗುತ್ತದೆ. ಹಿಮದ ಮೇಲೆ ಜನರನ್ನು ಎಳೆದುಕೊಂಡು ಹೋಗುತ್ತಿದ್ದ ತಂತಿಗಾಡಿಗಳಲ್ಲಿ ಈಗ ಸೈಕಲ್ಲುಗಳು, ಮಕ್ಕಳು, ಊರುಗೋಲು ಹಿಡಿದ ಮುದುಕರು. ಫಿಂಡೆಲ್ನ್ ಎಂಬ ಮೇಲಿನ ಕೇರಿಯಲ್ಲಿ ನಿಲ್ಲಲೂ ಕಷ್ಟವಾಗುವ ಕಡಿದಾದ ಜಾಗದಲ್ಲಿ ಒಂದು ಕುಟುಂಬ ಹುಲ್ಲು ಕೊಯ್ದು ಒಣಗಿಸುವುದನ್ನು ನಾನು ಒಂದು ಇಡೀ ಅಪರಾಹ್ನ ನೋಡಿದ್ದೇನೆ. ಅವರ ಅಪ್ಪಣೆ ಪಡೆದು ತೆಗೆದ ಆ ಚಿತ್ರಗಳಲ್ಲಿ ಈ ಊರಿನ ಹೆಸರಾಂತ ಶಿಖರ ಮ್ಯಾಟರ್‌ಹಾರ್ನ್ ಎಲ್ಲಿಯೂ ಇಲ್ಲ. ಅವು ನನಗೆ ತುಂಬ ಪ್ರಿಯವಾದ ಚಿತ್ರಗಳು.

ಬೇಸಿಗೆಯ ನಡುವಣ ವಾರಗಳಲ್ಲಿ ಊರಿನ ಮುಖ್ಯ ಬೀದಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಒಂದು ಮೇಕೆ ಹಿಂಡು ಹಾದುಹೋಗುತ್ತದೆ. ದುಬಾರಿ ಕೈಗಡಿಯಾರಗಳ ಅಂಗಡಿಗಳ ಮುಂದೆ ಗಂಟೆ ಅಲುಗಿಸುತ್ತ, ಮಕ್ಕಳ ಕೈಯ ಬೆತ್ತಕ್ಕೆ ಮಣಿಯುತ್ತ ಅವು ಮೇಯಲು ಹೋಗಿ ಬರುತ್ತವೆ. ಇವು ವಾಲೆ ಪ್ರಾಂತ್ಯದ್ದೇ ತಳಿ: ಮೂತಿಯಿಂದ ಭುಜದ ಹಿಂದಿನವರೆಗೆ ಕಪ್ಪು, ಅಲ್ಲಿಂದ ಬಾಲದವರೆಗೆ ಅಪ್ಪಟ ಬಿಳಿ, ಗೆರೆ ಎಳೆದಂತೆ, ಉದ್ದ ಕೂದಲು, ಗಂಡು ಹೆಣ್ಣು ಎರಡಕ್ಕೂ ಕೊಂಬು. ಛಾಯಾಗ್ರಾಹಕನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಕಪ್ಪು ಕೂದಲಿನ ಎಳೆಗಳು ಕಾಣಲೆಂದು ಬೆಳಕು ಹೆಚ್ಚಿಸಿದರೆ ಬಿಳಿಯ ಭಾಗ ಸುಣ್ಣ ಬಳಿದಂತೆ ಸಪಾಟಾಗುತ್ತದೆ, ಬಿಳಿಯನ್ನು ಉಳಿಸಿಕೊಂಡರೆ ಮುಖ ಇಂಗಾಲದ ತುಂಡಾಗುತ್ತದೆ. ನೇರ ಬಿಸಿಲಿನಲ್ಲಿ ಇದಕ್ಕೆ ಪರಿಹಾರವಿಲ್ಲ. ಕಟ್ಟಡಗಳ ನೆರಳು ಬೀದಿಯನ್ನು ಮುಚ್ಚಿರುವ ಕಡೆ ಮೊದಲೇ ಹೋಗಿ, ನೆಲದ ಮೇಲೆ ಕುಳಿತು, ಕ್ಯಾಮೆರಾವನ್ನು ಮೇಕೆಯ ಕಣ್ಣಿನ ಎತ್ತರಕ್ಕೆ ಇಳಿಸಿ, ಬಿಳಿಯ ಬೆನ್ನಿಗೆ ಎಕ್ಸ್‌ಪೋಶರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿಕೊಂಡು ಕಾಯಬೇಕು. ಕಪ್ಪಿನ ವಿವರಗಳನ್ನು ಆಮೇಲೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಿಂದ ಮೆಲ್ಲಗೆ ಎತ್ತಿಕೊಳ್ಳಬಹುದು. ಹಾಗೆ ಕುಳಿತಿದ್ದ ಒಂದು ಸಂಜೆ ಒಂದು ಮರಿ ನನ್ನ ಲೆನ್ಸಿನ ಮುಚ್ಚಳದ ದಾರವನ್ನು ಬಾಯಲ್ಲಿ ಹಿಡಿದು ಜಗ್ಗಿತು. ಅದರ ಉಸಿರಿನಲ್ಲಿ ಹಸಿ ಹುಲ್ಲಿನ ವಾಸನೆಯಿತ್ತು.

ಆದರೂ ಮ್ಯಾಟರ್‌ಹಾರ್ನ್‌ನ ಮಾತು ಬಾರದೆ ಇರಲಾರದು. 4,478 ಮೀಟರ್ ಎತ್ತರದ ಈ ಶಿಖರವನ್ನು 1865ರ ಜುಲೈ 14ರಂದು ಇಂಗ್ಲಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್‌ನ ತಂಡದ ಏಳು ಜನ ಮೊದಲ ಬಾರಿಗೆ ಹತ್ತಿದರು. ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಅಂದು ತುಂಡಾದ ಹಗ್ಗವನ್ನು ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನೋಡಿದರೆ ನಮ್ಮ ಬಾವಿಯ ಹಗ್ಗಕ್ಕಿಂತ ತೆಳ್ಳಗಿದೆ. ಅದನ್ನು ನೋಡಿ ಹೊರಬಂದ ಮೇಲೆ ಶಿಖರವನ್ನು ಬರಿಯ ಚಂದದ ಹಿನ್ನೆಲೆಯಾಗಿ ಬಳಸಲು ನನಗೆ ಮನಸ್ಸಾಗಲಿಲ್ಲ.

ಅದರ ಪ್ರತಿಬಿಂಬ ಬೇಕೆಂದರೆ 2,757 ಮೀಟರ್ ಎತ್ತರದ ರಿಫೆಲ್‌ಸೀ ಕೊಳಕ್ಕೆ ಹೋಗಬೇಕು. 1898ರಿಂದ ಓಡುತ್ತಿರುವ, ಆರಂಭದಿಂದಲೂ ವಿದ್ಯುತ್ತಿನಲ್ಲೇ ನಡೆದ ಗೋರ್ನರ್‌ಗ್ರಾಟ್‌ನ ಹಲ್ಲುಹಳಿ ರೈಲು ರೋಟೆನ್‌ಬೋಡೆನ್ ನಿಲ್ದಾಣದಲ್ಲಿ ಇಳಿಸಿದರೆ ಕೊಳ ಕೆಲವೇ ನಿಮಿಷಗಳ ಇಳಿಜಾರಿನಲ್ಲಿದೆ. ಆದರೆ ಬೇಸಿಗೆಯ ಸೂರ್ಯ ಮೊದಲ ರೈಲಿಗೆ ಕಾಯುವುದಿಲ್ಲ. ನಾನು ಅದೇ ರೈಲು ಹಾದಿಯಲ್ಲಿ ಕೊಳಕ್ಕಿಂತ ಕೆಳಗಿರುವ ರಿಫೆಲ್‌ಬರ್ಗ್‌ನಲ್ಲಿ ತಂಗಿ, ನಾಲ್ಕೂಕಾಲಿಗೆ ಎದ್ದು, ತಲೆದೀಪದ ಬೆಳಕಿನಲ್ಲಿ ನಡೆದು ಕೊಳ ಸೇರಿದೆ. ಆಗಸ್ಟ್ ತಿಂಗಳಾದರೂ ಹುಲ್ಲಿನ ತುದಿಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಟ್ರೈಪಾಡಿನ ಲೋಹ ಬೆರಳಿಗೆ ಕಚ್ಚುತ್ತಿತ್ತು. ಕೊಳದಿಂದ ನೋಡಿದರೆ ಶಿಖರದ ಪೂರ್ವ ಮುಖ ನಮ್ಮೆದುರಿಗೆ, ಸೂರ್ಯ ನಮ್ಮ ಬೆನ್ನಿಗೆ. ಮೊದಲು ತುದಿಯಲ್ಲಿ ಉಗುರಿನಷ್ಟು ಕೆಂಪು. ಅದು ಬಂಡೆಯ ಮೇಲಿಂದ ನಿಧಾನವಾಗಿ ಇಳಿಯುತ್ತ ಇಳಿಯುತ್ತ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಮಾಮೂಲು ಬಿಸಿಲಾಗುತ್ತದೆ. ಬಿಸಿಲು ಇಳಿಜಾರುಗಳನ್ನು ಕಾಯಿಸಿದೊಡನೆ ಗಾಳಿ ಏಳುತ್ತದೆ, ನೀರು ಸುಕ್ಕುಗಟ್ಟುತ್ತದೆ, ಪ್ರತಿಬಿಂಬ ಮುರಿಯುತ್ತದೆ. ನಮಗೆ ಸಿಗುವ ಅವಧಿ ಅಷ್ಟೇ.

ಮೊದಲ ಎರಡು ಬೆಳಗುಗಳನ್ನು ನಾನು ಕಳೆದುಕೊಂಡದ್ದು ಪೋಲರೈಸರ್ ಫಿಲ್ಟರ್‌ನಿಂದ. ಆಕಾಶ ಗಾಢವಾಗಲಿ ಎಂದು ಅದನ್ನು ತಿರುಗಿಸಿದೆ. ನೀರಿನ ಮೇಲಿನ ಹೊಳಪನ್ನು ತೆಗೆಯುವುದೇ ಆ ಫಿಲ್ಟರಿನ ಕೆಲಸವಾದ್ದರಿಂದ ಪ್ರತಿಬಿಂಬ ಅರ್ಧ ಮಾಸಿತು, ಅಷ್ಟೆತ್ತರದಲ್ಲಿ ಮೊದಲೇ ಕಡುನೀಲಿಯಾದ ಆಕಾಶ ಮೂಲೆಗಳಲ್ಲಿ ಕಪ್ಪಾಯಿತು. ಮೂರನೆಯ ದಿನ ಫಿಲ್ಟರನ್ನು ಚೀಲದಿಂದ ತೆಗೆಯಲೇ ಇಲ್ಲ. ನೀರಿನೊಳಗಿನ ಶಿಖರ ಹೊರಗಿನದಕ್ಕಿಂತ ಸ್ವಲ್ಪ ಮಬ್ಬಾಗಿಯೇ ಇರುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ಚಿತ್ರ ನಂಬುವಂತಿರುತ್ತದೆ. ಎರಡನ್ನೂ ಸರಿಸಮ ಬೆಳಗಿಸಿದ ಚಿತ್ರಗಳನ್ನು ಕಂಡಾಗಲೆಲ್ಲ ನನಗೆ ಅಲ್ಲಿ ನೀರೇ ಇಲ್ಲವೆಂಬ ಭಾವನೆ ಬರುತ್ತದೆ.

ಹತ್ತು ಗಂಟೆಯ ನಂತರ ಶಿಖರದ ಗಾಳಿಮರೆಯ ಬದಿಯಲ್ಲಿ ಬಾವುಟದಂತೆ ಒಂದು ಮೋಡ ಹೊರಡುವುದುಂಟು. ಆಗ ನಾನು ಕೆಳಗಿಳಿದು ಹಿಂಟರ್‌ಡೋರ್ಫ್ ಎಂಬ ಹಳೆಯ ಕೇರಿಗೆ ಹೋಗುತ್ತೇನೆ. ಬಿಸಿಲಿಗೆ ಸುಟ್ಟು ಕಪ್ಪಾದ ಲಾರ್ಚ್ ಮರದ ಕಣಜಗಳು ಅಲ್ಲಿ ಮರದ ಕಾಲುಗಳ ಮೇಲೆ ನಿಂತಿವೆ. ಪ್ರತಿ ಕಾಲಿಗೂ ಕಣಜಕ್ಕೂ ನಡುವೆ ಬೀಸುವ ಕಲ್ಲಿನಷ್ಟು ಅಗಲದ ಒಂದು ಚಪ್ಪಟೆ ಕಲ್ಲು, ಇಲಿ ಹತ್ತದಿರಲೆಂದು. ಮಲೆನಾಡಿನ ಮನೆಯಲ್ಲಿ ಇಲಿಯಿಂದ ಭತ್ತ ಕಾಯಲು ಅಜ್ಜಿ ಪಡುತ್ತಿದ್ದ ಪಾಡನ್ನು ನೋಡಿ ಬೆಳೆದ ನನಗೆ ಆ ಕಲ್ಲಿನ ಬುದ್ಧಿವಂತಿಕೆ ತಕ್ಷಣ ಮನಸ್ಸಿಗೆ ಹತ್ತಿತು. ಮರದ ಬಿರುಕುಗಳು ಕಾಣಲು ನಡುಹಗಲಿನ ಓರೆ ನೆರಳೇ ಸಾಕು.

ಈ ಊರಿನ ಬೇಸಿಗೆಯಲ್ಲೂ ಸ್ಕೀ ಇದೆ. ಮೇಲೆ ಥಿಯೋಡುಲ್ ಹಿಮನದಿಯ ಮೇಲೆ ಕ್ರೀಡಾಪಟುಗಳು ಆಗಸ್ಟಿನಲ್ಲೂ ಅಭ್ಯಾಸ ಮಾಡುತ್ತಾರೆ. ಆದರೆ 2022ರ ಜುಲೈ ಕೊನೆಯಲ್ಲಿ ಮಂಜು ತೀರಾ ಕರಗಿದ್ದರಿಂದ ಅದನ್ನು ನಿಲ್ಲಿಸಬೇಕಾಯಿತು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಸುಮಾರು ಶೇ. 10ರಷ್ಟನ್ನು ಕಳೆದುಕೊಂಡವು. ಅಂಕಿಯನ್ನು ಓದಿದಾಗ ಆದ ನೋವಿಗಿಂತ ನನ್ನವೇ ಚಿತ್ರಗಳನ್ನು ಸಾಲಾಗಿ ಇಟ್ಟಾಗ ಆದದ್ದು ಹೆಚ್ಚು. 3,089 ಮೀಟರ್ ಎತ್ತರದ ಗೋರ್ನರ್‌ಗ್ರಾಟ್‌ನಲ್ಲಿ ಪ್ರತಿವರ್ಷ ಒಂದೇ ಕಂಬಿಯ ಬಳಿ ನಿಂತು, ಅದೇ 35 ಮಿಲಿಮೀಟರ್ ಲೆನ್ಸಿನಲ್ಲಿ, ಎಡ ಅಂಚಿಗೆ 4,634 ಮೀಟರಿನ ಡುಫೋರ್‌ಶ್ಪಿಟ್ಸ ಶಿಖರ ಬರುವಂತೆ ಕೆಳಗಿನ ಹಿಮನದಿಯ ಒಂದು ಚಿತ್ರ ತೆಗೆಯುತ್ತೇನೆ. ಐದು ಚಿತ್ರಗಳಾಗಿವೆ. ಮಂಜಿಗೂ ಬಂಡೆಗೂ ನಡುವಿನ ಬೂದುಬಣ್ಣದ ಬೋಳು ಪಟ್ಟಿ ಮೊದಲ ಚಿತ್ರದಲ್ಲಿ ದಾರದಷ್ಟಿತ್ತು, ಐದನೆಯದರಲ್ಲಿ ನನ್ನ ಬೆರಳಿನಷ್ಟು ಅಗಲವಾಗಿದೆ. ಆರನೆಯದಕ್ಕಾಗಿ ಆಗಸ್ಟ್ ಎರಡನೆಯ ವಾರಕ್ಕೆ ರಿಫೆಲ್‌ಬರ್ಗ್‌ನಲ್ಲಿ ಕೋಣೆ ಕಾದಿರಿಸಿದ್ದೇನೆ.