ಕಾಲುವಿ ಬಂದ್ ಆದ್ಮ್ಯಾಲೂ ಗ್ವಾಡಿ ಹಸಿ ಇದ್ರ ಮೊದ್ಲು ಪೈಪ್ ನೋಡ್ರಿ

ಗಂಗಾವತಿ ಕಡಿಂದ ಗ್ವಾಡಿ ಹಸಿ ಅಂತ ಫೋನ್ ಬಂತಂದ್ರ ನಮ್ಮ ವಾಟರ್‌ಪ್ರೂಫಿಂಗ್ ಆಫೀಸ್ನಾಗ ಮೊದ್ಲು ಮಟೀರಿಯಲ್ ಗಾಡಿ ಏರತೈತಿ, ಕಾರಣ ಹುಡುಕೋದು ಆಮ್ಯಾಲೆ. ಈ ಸಲಾನೂ ಜಾಬ್ ಕಾರ್ಡ್‌ನಾಗ ರೈಸಿಂಗ್ ಡ್ಯಾಂಪ್ (ನೆಲದ ಹಸಿ ಗ್ವಾಡಿಗೆ ಏರೋದು), ಇಂಜೆಕ್ಷನ್ (ಗ್ವಾಡಿಗೆ ತೂತು ಹಾಕಿ ಔಷಧ ಬಿಡೋದು) ಪ್ಲಸ್ ಕೋಟಿಂಗ್ ಅಂತ ಬರದ ಕಳಿಸಿದ್ರು, ಮನಿ ಒಬ್ರೂ ನೋಡಿದ್ದಿಲ್ಲ. ಮನಿ ಹಿಂದ ಭತ್ತದ ಗದ್ದಿ, ಎರಿ ಮಣ್ಣು, ತುಂಗಭದ್ರಾ ಎಡದಂಡಿ ಕಾಲುವಿ ನೀರು, ಹಂಗಾಗಿ ಓಣ್ಯಾಗಿನವ್ರೆಲ್ಲಾ ಗದ್ದಿ ನೀರ ಏರಾಕತ್ತೈತಿ ಅಂದು ಅಂದು, ಯಜಮಾನ್ರು ಮನಿ ಸುತ್ತ ತೆಗ್ಗು ತೋಡಸಾಕ ಜೆಸಿಬಿಗೂ ಹೇಳಿಬಿಟ್ಟಿದ್ರು.

ನಾನು ಅಮ್ಮಾರನ್ನ ಕೇಳಿದ್ದು ಒಂದ ಮಾತು, ಬ್ಯಾಸಗ್ಯಾಗ ಕಾಲುವಿ ಬಂದ್ ಇದ್ದಾಗ ಇದು ಒಣಗಿತ್ತೇನ್ರಿ? "ಎಲ್ಲಿ ಒಣಗತೈತ್ರಿ ಯಪ್ಪಾ, ಮೇ ತಿಂಗ್ಳಾಗೂ ಹಿಂಗ ಇತ್ತು" ಅಂದ್ರು. ಗದ್ದಿ ನೀರ ಕಾರಣ ಆಗಿದ್ರ ಆವಾಗ ಒಣಗಬೇಕಿತ್ತು.

ನೆಲದಾಗಿನ ನೀರು ಏರಿದ್ರ ಗ್ವಾಡಿ ಉದ್ದಕ್ಕೂ ಮೂರು ಫೂಟಿನ ಆಸುಪಾಸು ಒಂದ ಸಮ ಪಟ್ಟಿ ಬೀಳತೈತಿ, ತುದಿಗೆ ಬಿಳಿ ಉಪ್ಪು ಕುಂತಿರತೈತಿ. ಇಲ್ಲಿ ಗದ್ದಿ ಕಡೆ ಗ್ವಾಡಿ ಪೂರಾ ಒಣಾ, ಬಾತ್ರೂಮು ಬೆಡ್ರೂಮು ನಡುವಿನ ಗ್ವಾಡಿ ಅಷ್ಟ ಹಸಿ, ಅದೂ ಬಿಸಿನೀರು ತಣ್ಣೀರು ಕೂಡೋ ನಳದ (ಮಿಕ್ಸರ್) ಹಿಂದ ಜಾಸ್ತಿ, ಆಚೀಚಿ ಹೋದಂಗ ಕಮ್ಮಿ. ಹಸಿ ಅಳಿಯೋ ಮೀಟರ್ ಚುಚ್ಚಿದಲ್ಲೆಲ್ಲಾ ಕೆಂಪು ತೋರಸ್ತಿತ್ತು, ಆದ್ರ ಗಿಲಾವಿನ್ಯಾಗ ಉಪ್ಪಿದ್ರೂ ಅದು ಕೆಂಪ ತೋರಸತೈತಿ, ಅದನ್ನೊಂದ ನಂಬಿ ಔಷಧ ಹೊಡಿಬಾರದು.

ಸರ್‌ಗೆ ಫೋನ್ ಹಚ್ಚಿದ್ರ, "ಟೈಲ್ಸ್ ಮುಟ್ಟಬ್ಯಾಡ, ಕೋಟಿಂಗ್ ಹೊಡದು ಫೋಟೋ ಕಳಸು" ಅಂದ್ರು. ನಾನು ಪೈಪಿನ್ಯಾಗ ಒತ್ತಡ ಏರಿಸಿ ಸೋರಿಕಿ ನೋಡೋ ಹ್ಯಾಂಡ್ ಪಂಪ್ ಗಾಡಿಯಿಂದ ಇಳಿಸಿದೆ. ತಣ್ಣೀರ್ ಲೈನ್ 6 ಕೆಜಿ ಒತ್ತಡಕ್ಕ ಏರಿಸಿದ್ವಿ, ಗೇಜಿನ ಮುಳ್ಳು ಅಲ್ಲಾಡ್ಲಿಲ್ಲ, ಅಂದ್ರ ಅಲ್ಲಿ ಸೋರಿಕಿ ಇಲ್ಲ, ಯಜಮಾನ್ರು ನನ್ನ ಮುಖ ನೋಡಾಕತ್ರು, ಹೊರಗ ಜೆಸಿಬಿಯಾಂವ ಬಂದು ಹಾರ್ನ್ ಹೊಡಿತಿದ್ದ, ಆಫೀಸಿಂದ ಮತ್ತ ಫೋನ್, ನಾನು ಎತ್ತಲಿಲ್ಲ. ಗೀಜರ್ ಲೈನ್ ಏರಿಸಿದ್ವಿ. ನಿಂತಿತ್ತು. ಇದೂ ಸರಿ ಐತೇನೋ ಅನ್ನೂದ್ರಾಗ ಮುಳ್ಳು ಸಣ್ಣಂಗ ಇಳಿಯಾಕ ಹತ್ತಿತು, ಐದೂವರಿ, ಐದು, ನಾಕು. ಮಿಕ್ಸರ್ ಕೆಳಗಿನ ಒಂದ ಟೈಲ್ ಬಿಚ್ಚಿದ್ರ ಬಿಸಿನೀರಿನ ಪ್ಲಾಸ್ಟಿಕ್ ಪೈಪಿನ (ಸಿಪಿವಿಸಿ) ಎಲ್ಬೋ ಜಿನಗತಿತ್ತು, ಪೈಪ್ ಪೂರಾ ಒಳಗ ಕೂಡ್ಸದ ಸೊಲ್ಯೂಷನ್ ಹಚ್ಚಿ ಬಿಟ್ಟಿದ್ರು.

ಜಾಯಿಂಟ್ ಮಾಡಿ, ಬೆಡ್ರೂಮ್ ಕಡೆ ಹಸಿ ಇದ್ದ ಜಾಗಕ್ಕಿಂತ ಒಂದ ಫೂಟ್ ಮ್ಯಾಲಿನ ತನಕ ಗಿಲಾವು ಕೆತ್ತಿ ಬಿಟ್ಟು ಬಂದೇವಿ. ಒಣಗಾಕ ಇಂಚಿಗೆ ಒಂದು ತಿಂಗ್ಳು ಅಂತ ಹಿಡಿದ್ರ 4.5 ಇಂಚಿನ ಗ್ವಾಡಿಗೆ ನಾಕೂವರಿ ತಿಂಗ್ಳಾದ್ರೂ ಬೇಕು, ಆ ಕಡೆ ಟೈಲ್ಸ್ ಬ್ಯಾರೆ ಐತಿ. ಆಫೀಸಿನವ್ರಿಗೆ ಇದ ವಾರ ಪುಟ್ಟಿ ಪೇಂಟ್ ಆಗಿ ಬಿಲ್ ಆಗಬೇಕು. ಒಳಗ ಹಸಿ ಇಟ್ಟು ಪುಟ್ಟಿ ಬಡದ್ರ ಗುಳ್ಳಿ ಎದ್ದು ಉದರತೈತಿ, ಆವಾಗ ಬೈಸ್ಕೊಳ್ಳೋರು ಸೈಟಿನ ಹುಡುಗರು.

ಕಾರಟಗಿ, ಸಿಂಧನೂರು ಕಡೆ ಬುನಾದಿ ಮ್ಯಾಲೆ ಹಸಿ ತಡಿಯೋ ಪದರ (ಡಿಪಿಸಿ) ಇಲ್ದ ಹಳೇ ಮನಿಗೋಳಿಗೆ ಇಂಜೆಕ್ಷನ್ ಬೇಕ ಬೇಕು, ಬ್ಯಾಡ ಅನ್ನಂಗಿಲ್ಲ. ಆದ್ರ ಜಾಬ್ ಕಾರ್ಡ್‌ನಾಗ 'ಕಾಲುವಿ ಬಂದ್ ಇದ್ದಾಗ ಗ್ವಾಡಿ ಹೆಂಗಿತ್ತು' ಅಂತ ಒಂದ ಕಾಲಂ ಹಾಕ್ರಿ ಅಂತ ಬರದ ಕೊಟ್ಟೇನಿ, ಇನ್ನೂ ಹಾಕಿಲ್ಲ.