ಹಗಲು ಒತ್ತುವ ಬಟನ್ ಸಂಜೆ ಒತ್ತದು

14 ಮೇ 2025, ಬುಧವಾರ
ಕಲಬುರಗಿ

ಗಂಜ್‌ನ (ಧಾನ್ಯದ ಪೇಟೆಯ) ಅಡತ್ (ದಲಾಲಿ) ಅಂಗಡಿ ಸಾವ್ಕಾರ್ರ ಫೋನಿನ ರೋಗ ಇವತ್ತು ಸಿಕ್ಕಿತು. ಆ್ಯಪ್ ಮೊದಲು ಯಾರೋ ಮಾಡಿಕೊಟ್ಟದ್ದು, ರಿಪೇರಿ ಮಾತ್ರ ನನ್ನದು. ತೊಗರಿ, ಕಡಲೆ, ಹೆಸರಿನ ಅವತ್ತಿನ ದರ ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ತೇಲುತ್ತಿರುತ್ತದೆ, ಕೆಳಗೆ ವಾಟ್ಸ್ಆ್ಯಪ್ ಇರಲಿ, ಲೆಕ್ಕದ ಆ್ಯಪ್ ಇರಲಿ. ಸಂಜೆಯಾದರೆ ಕಣ್ಣಿಗೆ ಹಿತವಾಗಲೆಂದು ಇಡೀ ಪರದೆಗೆ ಹಳದಿ ಛಾಯೆ ಬೀಳುತ್ತದೆ. ಎರಡೂ ಬರೀ ನೋಡುವುದಕ್ಕೆ. ಬೆರಳು ಒತ್ತಿದ್ದು ಅವುಗಳನ್ನು ದಾಟಿ ಕೆಳಗಿನ ಆ್ಯಪ್‌ಗೆ ಮುಟ್ಟಬೇಕು.

ಹಳೇ ಫೋನಿನಲ್ಲಿ ಮುಟ್ಟುತ್ತಿತ್ತು. ಹೊಸದು ಕೊಂಡ ಮೇಲೆ ತಕರಾರು.

"ಹಗಲೊತ್ತು ಛಲೋ ನಡೀತದ ತಮ್ಮಾ. ದೀಪ ಹಚ್ಚೋ ಹೊತ್ತಾತಂದ್ರ ಮ್ಯಾಲಿನ ಬಟನ್ ಒಂದೂ ಒತ್ತಂಗಿಲ್ಲ. ಕೆಳಗಿನವು ಒತ್ತತಾವ."

ಅಂಗಡಿಯ ಹುಡುಗ ಟಚ್ ಹೋಗಿದೆ ಎಂದು ತೀರ್ಪು ಕೊಟ್ಟು, ಡಿಸ್‌ಪ್ಲೇ ಬದಲಿಸಲು ಊರಿನ ಸೂಪರ್ ಮಾರ್ಕೆಟ್ ಪೇಟೆಗೆ ಒಯ್ಯಲು ನಿಂತಿದ್ದ. ಡಿಸ್‌ಪ್ಲೇ ಕೆಟ್ಟರೆ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ ಮಾರಾಯಾ ಅಂದೆ.

ಕೇಬಲ್ ಹಾಕಿ ಲಾಗ್‌ಕ್ಯಾಟ್ (ಫೋನಿನೊಳಗೆ ನಡೆದದ್ದರ ದಾಖಲೆ) ತೆರೆದರೆ ಕಾರಣ ಬರೆದೇ ಇತ್ತು: 'ಅನ್‌ಟ್ರಸ್ಟೆಡ್ ಟಚ್ ಡ್ಯೂ ಟು ಅಕ್ಲೂಷನ್ ಬೈ', ಮುಂದೆ ನಮ್ಮದೇ ಆ್ಯಪ್‌ನ ಹೆಸರು. ಅಂದರೆ ನಮ್ಮ ಆ್ಯಪ್ ಮೇಲೆ ಮುಚ್ಚಿಕೊಂಡದ್ದರಿಂದ ಈ ಸ್ಪರ್ಶವನ್ನು ನಂಬಲಾಗದು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಈ ನಿಯಮ ಜಾರಿಯಲ್ಲಿದೆ. ಅದಕ್ಕೂ ಮೊದಲು ಮೇಲಿನ ವಿಂಡೋಗೆ (ತೇಲುವ ಪದರಕ್ಕೆ) ನಾಟ್ ಟಚೆಬಲ್ ಫ್ಲ್ಯಾಗ್, ಅಂದರೆ ಸ್ಪರ್ಶ ತನಗೆ ಬೇಡ ಎಂಬ ಗುರುತು, ಹಚ್ಚಿದರೆ ಸಾಕು, ಸ್ಪರ್ಶ ಕೆಳಗಿಳಿಯುತ್ತಿತ್ತು. ಈಗ ಮೇಲಿನದು ಬೇರೆ ಆ್ಯಪ್‌ನದಾಗಿದ್ದರೆ ಅದು ಎಷ್ಟು ದಟ್ಟ ಎಂದು ಸಿಸ್ಟಮ್ ನೋಡುತ್ತದೆ. ಮಿತಿ 0.8. ಅದನ್ನು ಮೀರಿದರೆ ಸ್ಪರ್ಶವನ್ನು ಯಾರಿಗೂ ಕೊಡದೆ ಬಿಸಾಡುತ್ತದೆ.

ನಮ್ಮ ಪಟ್ಟಿಯ ಆಲ್ಫಾ (ದಟ್ಟಣೆಯ ಅಂಕಿ: 0 ಪೂರ್ತಿ ಪಾರದರ್ಶಕ, 1 ಪೂರ್ತಿ ದಟ್ಟ) 0.7, ಛಾಯೆಯದು 0.6. ಬಿಡಿಬಿಡಿಯಾಗಿ ಎರಡೂ ಮಿತಿಯೊಳಗೇ ಇವೆ. ಆದರೆ ಒಂದೇ ಆ್ಯಪ್‌ನ ಎರಡು ವಿಂಡೋ ಬೆರಳಿನ ಕೆಳಗೆ ಒಂದರ ಮೇಲೊಂದು ಬಂದರೆ ಸಿಸ್ಟಮ್ ಒಟ್ಟು ಲೆಕ್ಕ ಹಾಕುತ್ತದೆ. ಪಟ್ಟಿ ದಾಟಿ ಉಳಿಯುವ ಬೆಳಕು 0.3, ಛಾಯೆ ದಾಟಿ 0.4. ಗುಣಿಸಿದರೆ 0.12. ಅಂದರೆ ದಟ್ಟಣೆ 0.88. ಹಗಲು ಛಾಯೆ ಇಲ್ಲ, ಆದ್ದರಿಂದ ಎಲ್ಲ ಸರಿ. ಸಂಜೆ ಪಟ್ಟಿಯ ಅಗಲದಷ್ಟು ಜಾಗ ಮಾತ್ರ ಸತ್ತಿರುತ್ತದೆ. ಸಾವ್ಕಾರ್ರು ಹೇಳಿದ್ದು ಅಕ್ಷರಶಃ ಖರೆ, ಇಷ್ಟು ಚಂದದ ಬಗ್ ರಿಪೋರ್ಟ್ ಎಂಜಿನಿಯರುಗಳೂ ಬರೆಯುವುದಿಲ್ಲ.

ಇನ್ನೊಂದು ಗೊತ್ತಿರಬೇಕಾದ ವಿಷಯ: ಇಲ್ಲಿ ಲೆಕ್ಕಕ್ಕೆ ಬರುವುದು ವಿಂಡೋದ ಆಲ್ಫಾ. ಒಳಗೆ ಬಳಿದ ಬಣ್ಣ ಎಷ್ಟೇ ತಿಳಿಯಾಗಿರಲಿ, ಸಿಸ್ಟಮ್ ಅದನ್ನು ನೋಡುವುದಿಲ್ಲ.

ಈ ನಿಯಮಕ್ಕೆ ಬೈಯುವ ಡೆವಲಪರ್‌ಗಳು ಬಹಳ. ನಾನು ಬೈಯುವುದಿಲ್ಲ. 'ಬಹುಮಾನ ಬಂದಿದೆ, ಇಲ್ಲಿ ಒತ್ತಿ' ಎಂಬ ಚಿತ್ರವನ್ನು ಮೇಲೆ ತೇಲಿಸಿ, ಅದರ ನೇರ ಕೆಳಗೆ ಅನುಮತಿ ಕೊಡುವ ಬಟನ್ ಬರುವಂತೆ ಮಾಡಿದರೆ ಒತ್ತಿದವರಿಗೆ ತಾವು ಏನು ಒಪ್ಪಿದೆವು ಅಂತಲೇ ತಿಳಿಯದು. ಟ್ಯಾಪ್‌ಜ್ಯಾಕಿಂಗ್ ಅನ್ನುವ ಈ ಮೋಸ ಹಳೆಯದು. 2010ರ ಆಂಡ್ರಾಯ್ಡ್ 2.3ರಲ್ಲೇ, ಮುಚ್ಚಿಹೋದ ಬಟನ್ ಸ್ಪರ್ಶವನ್ನು ನಿರಾಕರಿಸುವ ಸೌಲಭ್ಯ ಕೊಟ್ಟಿದ್ದರು, ಬಳಸಿದವರು ಬಳಸಿದರು. ಫೋನಿನಲ್ಲೇ ರೊಕ್ಕ ಕೊಟ್ಟು ತಗೊಳ್ಳುವ ಗಂಜ್‌ನವರಿಗೆ ಈ ಕಾವಲು ಬೇಕೇಬೇಕು.

ಪಟ್ಟಿಯನ್ನು 0.4ಕ್ಕೆ ಇಳಿಸಿ ಲೆಕ್ಕ ಹೊಂದಿಸಬಹುದಿತ್ತು, ಒಟ್ಟು 0.76 ಬರುತ್ತದೆ. ಆದರೆ ನಮ್ಮೂರಿನ ಮೇ ಬಿಸಿಲಲ್ಲಿ ಆ ಅಂಕಿ ಓದುವವರು ಯಾರು? ಹಾಗಾಗಿ ಪಟ್ಟಿಯ ಆಸೆಯನ್ನೇ ಬಿಟ್ಟೆ. ದರದ ಅಕ್ಷರಗಳಷ್ಟೇ ಅಗಲದ ಸಣ್ಣ ಚೀಟಿ ಮಾಡಿದೆ, ಆಲ್ಫಾ ಪೂರ್ತಿ 1. ನಾಟ್ ಟಚೆಬಲ್ ತೆಗೆದು ನಾಟ್ ಫೋಕಸೆಬಲ್ (ತನ್ನ ಹೊರಗಿನ ಸ್ಪರ್ಶ ತಡೆಯದ ಗುರುತು) ಇಟ್ಟೆ. ಚೀಟಿಯ ಮೇಲೆ ಒತ್ತಿದ್ದು ಚೀಟಿಗೇ ಬರುತ್ತದೆ, ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಬಹುದು. ಹೊರಗೆ ಒತ್ತಿದ್ದು ಕೆಳಗಿನ ಆ್ಯಪ್‌ಗೆ ಹೋಗುತ್ತದೆ. ಛಾಯೆ 0.6ರಲ್ಲೇ ಇದೆ, ಒಂಟಿಯಾಗಿ ಅದು ಯಾರಿಗೂ ಅಡ್ಡಿಯಲ್ಲ.

ಸಂಜೆ ಅಂಗಡಿಗೆ ಹೋಗಿ ತೋರಿಸಿದೆ. ಚೀಟಿಯನ್ನು ಮೂಲೆಯಿಂದ ಮೂಲೆಗೆ ಎಳೆದಾಡಿ ಖುಷಿಪಟ್ಟರು. ಆಮೇಲೆ ಹಣ ಕಳಿಸುವ ಆ್ಯಪ್ ತೆರೆದರು, ಚೀಟಿ ಮಾಯ.

"ಮತ್ತ ಹೋತಲ್ಲೋ!"

"ಅದು ಹಂಗ ಇರಬೇಕ್ರಿ ಸಾವ್ಕಾರ್ರ. ಮ್ಯಾಲ ಯಾರೂ ಕೂಡಬಾರ್ದು ಅಂತ ಆ ಆ್ಯಪ್‌ನವ್ರ ತೆಗೀತಾರ. ಹೊರಗ ಬಂದ್ರ ಮತ್ತ ಕಾಣ್ತದ."

ಆಂಡ್ರಾಯ್ಡ್ 12 ಆ ಹಕ್ಕನ್ನೂ ಕೊಟ್ಟಿದೆ ಎಂಬ ವಿವರಕ್ಕೆ ಹೋಗಲಿಲ್ಲ. ಚಹಾ ಬಂತು. ಮಗನ ಐಫೋನಿಗೂ ಇದನ್ನೇ ಹಾಕಿಕೊಡು ಎಂದರು. ಅಲ್ಲಿ ನಮ್ಮ ಆ್ಯಪ್‌ನೊಳಗೆ ಒಂದು ಪದರ ದಾಟಿ ಇನ್ನೊಂದಕ್ಕೆ ಸ್ಪರ್ಶ ಕಳಿಸಬಹುದು, ಸ್ಪರ್ಶ ಯಾವ ಪದರಕ್ಕೆ ಎಂದು ತೀರ್ಮಾನಿಸುವ ಹಿಟ್‌ಟೆಸ್ಟ್ ಬರೆದರಾಯಿತು. ಆದರೆ ಬೇರೆಯವರ ಆ್ಯಪ್ ಮೇಲೆ ಇಂಥ ಚೀಟಿ ತೇಲಿಸಲು ಆ್ಯಪಲ್ ಬಿಡುವುದೇ ಇಲ್ಲ. ಹೋಮ್ ಸ್ಕ್ರೀನಿಗೆ ದರದ ವಿಜೆಟ್ ಮಾಡಿಕೊಡ್ತೀನಿ ಅಂದೆ.

"ಅದಕ್ಕ ಬ್ಯಾರೆ ರೊಕ್ಕ ಕೇಳ್ತೀಯೇನು?"

ಕೇಳ್ತೀನಿ.